ಸಿಎಂಬಿ-ಎಸ್4 ಕೈಬಿಟ್ಟರು. ಹತ್ತು ವರ್ಷದ ಪ್ಲಾನಿಂಗ್ ನೀರಲ್ಲಿ ಹೋಮವಾಯಿತಾ?

ಪುಸ್ತಕದಹುಳು

ಎಲ್ಲರಿಗೂ ನಮಸ್ಕಾರ. 2025ರ ಮೇ ತಿಂಗಳಲ್ಲಿ ಅಮೆರಿಕದ ಇಂಧನ ಇಲಾಖೆ ಮತ್ತು ನ್ಯಾಷನಲ್ ಸೈನ್ಸ್ ಫೌಂಡೇಶನ್ ಎರಡೂ ಸಿಎಂಬಿ-ಎಸ್4 ಯೋಜನೆಯಿಂದ ಕೈ ತೊಳೆದುಕೊಂಡವು. ವಿಶ್ವದ ಆದಿಕಾಲದ ಬೆಳಕನ್ನು ದಕ್ಷಿಣ ಧ್ರುವ ಮತ್ತು ಚಿಲಿ ಎರಡೂ ಕಡೆಯಿಂದ ಅಳೆಯಬೇಕಿದ್ದ ಟೆಲಿಸ್ಕೋಪುಗಳ ಯೋಜನೆ ಅದು. ನಮ್ಮ ವೇದಿಕೆಯಲ್ಲಿ ಇದರ ಚರ್ಚೆ ಆಗಲೇ ಇಲ್ಲ. ಅದಕ್ಕೇ ಈ ಎಳೆ.

ಹೊಸಬರಿಗೆ ಎರಡು ಮಾತು. ವಿಶ್ವ ಹುಟ್ಟಿ ಸುಮಾರು 3.8 ಲಕ್ಷ ವರ್ಷ ಆದಾಗ ಅದರ ತಾಪ 3000 ಕೆಲ್ವಿನ್ ಆಸುಪಾಸಿಗೆ ಇಳಿಯಿತು. ಎಲೆಕ್ಟ್ರಾನು, ಪ್ರೋಟಾನು ಕೂಡಿ ಹೈಡ್ರೋಜನ್ ಆದವು. ಬೆಳಕಿಗೆ ದಾರಿ ತೆರೆಯಿತು. ಆ ಬೆಳಕೇ ಹಿಗ್ಗಿ ಹಿಗ್ಗಿ ಈಗ ಮೈಕ್ರೋವೇವ್ ಆಗಿದೆ. 2.725 ಕೆಲ್ವಿನ್ ತಾಪದಲ್ಲಿ ಆಕಾಶದ ಎಲ್ಲ ಕಡೆಯಿಂದ ಬರುತ್ತಿದೆ. ಸಿಎಂಬಿ ಅಂದರೆ ಇದೇ. ಪೆನ್ಜಿಯಾಸ್ ಮತ್ತು ವಿಲ್ಸನ್ 1964-65ರಲ್ಲಿ ನ್ಯೂಜೆರ್ಸಿಯಲ್ಲಿ ಹಿಡಿದದ್ದು ಇದನ್ನೇ. ಇದಕ್ಕೆ ಸ್ವಲ್ಪ ಧ್ರುವೀಕರಣವೂ ಇದೆ, ಅಂದರೆ ಅಲೆ ಒಂದು ದಿಕ್ಕಿನಲ್ಲಿ ಕೊಂಚ ಜಾಸ್ತಿ ಅಲುಗುತ್ತದೆ. ಇರಬೇಕು ಅಂತ ಮಾರ್ಟಿನ್ ರೀಸ್ 1968ರಲ್ಲೇ ಹೇಳಿದ್ದರು. ಕಣ್ಣಿಗೆ ಬಿದ್ದದ್ದು 2002ರಲ್ಲಿ, ದಕ್ಷಿಣ ಧ್ರುವದ ಡಾಸಿ ಎಂಬ ಉಪಕರಣಕ್ಕೆ.

ಈಗ ಪ್ಲಾನಿಂಗ್ ಕಥೆ. 2005ರಲ್ಲಿ ರೈನರ್ ವೈಸ್ (ಗುರುತ್ವದ ಅಲೆ ಹಿಡಿದ ಲೈಗೋಗೆ ಆಮೇಲೆ ನೊಬೆಲ್ ಬಂತಲ್ಲ, ಅವರೇ) ಅಧ್ಯಕ್ಷತೆಯ ಕಾರ್ಯಪಡೆ ಈ ಧ್ರುವೀಕರಣ ಅಳೆಯಲು ಏನೇನು ಮಾಡಬೇಕು ಅಂತ ವರದಿ ಕೊಟ್ಟಿತು. 2013ರಲ್ಲಿ ಕಣ ಭೌತವಿಜ್ಞಾನಿಗಳ ಸ್ನೋಮಾಸ್ ಸಭೆಯಲ್ಲಿ ನಾಲ್ಕನೇ ಹಂತದ ಪ್ರಯೋಗ ಬೇಕು ಅನ್ನುವ ಮಾತು ಗಟ್ಟಿಯಾಯಿತು. ಎಸ್4 ಅಂದರೆ ಅದೇ. 2015ರಿಂದ ಆ ಕ್ಷೇತ್ರದವರೆಲ್ಲ ವರ್ಷಕ್ಕೆರಡು ಸಲ ಸೇರತೊಡಗಿದರು. 2016ರಲ್ಲಿ ವಿಜ್ಞಾನದ ದೊಡ್ಡ ದಾಖಲೆ ಬಂತು. 2017ರಲ್ಲಿ ಉಪಕರಣದ ರೂಪುರೇಷೆ. 2021ರಲ್ಲಿ ಅಮೆರಿಕದ ದಶಕದ ಖಗೋಳ ಸಮೀಕ್ಷೆ ಹೂಂ ಅಂದಿತು. 2023ರ ಡಿಸೆಂಬರಿನಲ್ಲಿ ಕಣ ಭೌತವಿಜ್ಞಾನದ ಆದ್ಯತೆ ಹೇಳುವ ಪಿ5 ಸಮಿತಿ ಹೊಸ ದೊಡ್ಡ ಯೋಜನೆಗಳ ಪಟ್ಟಿಯಲ್ಲಿ ಇದನ್ನೇ ಮೊದಲು ಇಟ್ಟಿತು. ಅಲ್ಲಿಂದ ಸುಮಾರು ಐದು ತಿಂಗಳು ಅಷ್ಟೇ. 2024ರ ಮೇನಲ್ಲಿ, ದಕ್ಷಿಣ ಧ್ರುವದ ಈಗಿನ ಸ್ಥಿತಿಯಲ್ಲಿ ಇದನ್ನು ಮುಂದೆ ಒಯ್ಯಲು ಆಗಲ್ಲ ಅಂತ ಫೌಂಡೇಶನ್ ಹೇಳಿಬಿಟ್ಟಿತು. ತಂಡದವರು ಬರೀ ಚಿಲಿಯಲ್ಲಿ ಕಟ್ಟುವ ಯೋಜನೆ ಮಾಡಿಕೊಂಡು ಬಂದರು. ಮರುವರ್ಷ ಅದೂ ಹೋಯಿತು.

ನನ್ನ ಪ್ರಶ್ನೆ ಇಷ್ಟೇ. ನೂರಾರು ಜನ ಹತ್ತು ವರ್ಷ ಕೂತು ಮಾಡಿದ ಕೆಲಸದಲ್ಲಿ ಏನು ಉಳಿಯಿತು?

ಅಡ್ಡಗಾಲು

ಟೀ ಬಿಲ್ಲು.

ಚುಕ್ಕಿಗಣ್ಣು

ಅಡ್ಡಗಾಲು ಅವರೇ, ಎಳೆ ಈಗ ತಾನೇ ಶುರು ಆಗಿದೆ, ಸ್ವಲ್ಪ ತಡೀರಿ 😄

ನಾನು ಎಂಎಸ್ಸಿ ಎರಡನೇ ವರ್ಷ. ಬಿ-ಮೋಡ್ ಅಂತ ಎಲ್ಲರೂ ಹೇಳುತ್ತಾರೆ. ಪುಸ್ತಕದಲ್ಲಿ ಸ್ಪಿನ್-2 ಹಾರ್ಮೋನಿಕ್ಸ್ ಬಂದ ಕೂಡಲೇ ನನಗೆ ತಲೆ ಓಡಲ್ಲ. ಚಿತ್ರ ಬೇಕು. ಇನ್ನೊಂದು, ಎಸ್4ಗೆ 5 ಲಕ್ಷ ಡಿಟೆಕ್ಟರ್ ಬೇಕಿತ್ತಂತೆ. ಅಷ್ಟು ಯಾಕೆ? ಒಂದು ಒಳ್ಳೆಯ ಡಿಟೆಕ್ಟರ್ ಮಾಡಿದರೆ ಸಾಲದಾ?

ತಂತಿವಾದ್ಯ

ಎರಡನೇ ಪ್ರಶ್ನೆ ನನ್ನ ಹೊಟ್ಟೆಪಾಡಿನದು. ಹೊರದೇಶದ ಒಂದು ಲ್ಯಾಬಿನಲ್ಲಿ ಇವೇ ಡಿಟೆಕ್ಟರ್‌ಗಳ ಪರೀಕ್ಷೆ ಮಾಡುತ್ತೇನೆ. ಅದಕ್ಕೆ ಮೊದಲು ಚಿತ್ರ ಕೊಡುತ್ತೇನೆ.

ಚುಕ್ಕಿ ರಂಗೋಲಿ ಇಟ್ಟಿದ್ದೀರಿ ಅಂದುಕೊಳ್ಳಿ. ಒಂದೊಂದು ಚುಕ್ಕಿಯ ಮೇಲೂ ಒಂದು ಸಣ್ಣ ಗೀಟು ಎಳೆಯಿರಿ. ಗೀಟಿನ ದಿಕ್ಕು ಅಂದರೆ ಅಲ್ಲಿನ ಬೆಳಕಿನ ಧ್ರುವೀಕರಣದ ದಿಕ್ಕು. ನಡುವಿನ ಚುಕ್ಕಿಯ ಸುತ್ತ ಇರುವ ಗೀಟುಗಳು ನಡುವಿಗೇ ಮುಖ ಮಾಡಿದ್ದರೆ ಅದು ಇ-ಮೋಡ್. ಬಳೆಯ ಹಾಗೆ ಸುತ್ತಲೂ ನಿಂತಿದ್ದರೂ ಇ-ಮೋಡೇ. ಎಲ್ಲ ಗೀಟೂ 45 ಡಿಗ್ರಿ ಓರೆಯಾಗಿ ಸುಳಿಯಂತೆ ನಿಂತರೆ ಅದು ಬಿ-ಮೋಡ್. ಕನ್ನಡಿಯಲ್ಲಿ ನೋಡಿ. ಇ ಹಾಗೇ ಇರುತ್ತದೆ. ಬಿ ಸುಳಿ ಎಡಕ್ಕಿದ್ದದ್ದು ಬಲಕ್ಕೆ ತಿರುಗುತ್ತದೆ.

ಆ ಕಾಲದ ಅನಿಲದ ದಟ್ಟಣೆಯ ಏರುಪೇರು ಇ-ಮೋಡ್ ಮಾತ್ರ ಹುಟ್ಟಿಸುತ್ತದೆ. ಗುರುತ್ವದ ಅಲೆಗಳು ಎರಡನ್ನೂ ಹುಟ್ಟಿಸುತ್ತವೆ. ಹಾಗಾಗಿ ಆದಿಕಾಲದ ಬಿ-ಮೋಡ್ ಸಿಕ್ಕರೆ ಇನ್‌ಫ್ಲೇಶನ್ (ವಿಶ್ವ ಶುರುವಿನಲ್ಲಿ ಕ್ಷಣಮಾತ್ರದಲ್ಲಿ ಭಾರೀ ಹಿಗ್ಗಿತು ಅನ್ನುವ ಸಿದ್ಧಾಂತ) ಹೊತ್ತಿನ ಗುರುತ್ವ ಅಲೆಯ ಗುರುತು ಸಿಕ್ಕಂತೆ. ಆದಿಕಾಲದ ಅಂತ ಒತ್ತಿ ಹೇಳಿದೆ, ಯಾಕೆಂದರೆ ದಾರಿಯಲ್ಲಿ ಗೆಲಾಕ್ಸಿಗಳ ಗುರುತ್ವ ಬೆಳಕನ್ನು ಬಾಗಿಸಿ ಇ-ಯನ್ನೇ ಸ್ವಲ್ಪ ಬಿ ಮಾಡಿಬಿಡುತ್ತದೆ. ಆ ಬಿ 2013ರಲ್ಲೇ ಸೌತ್ ಪೋಲ್ ಟೆಲಿಸ್ಕೋಪ್‌ಗೆ ಸಿಕ್ಕಿದೆ. ನಮಗೆ ಬೇಕಾದದ್ದು ಅದಲ್ಲ.

ಈಗ ಡಿಟೆಕ್ಟರ್. ಟಿಇಎಸ್ ಅಂತ ಕರೆಯುತ್ತೇವೆ. ಸೂಪರ್‌ಕಂಡಕ್ಟರಿನ ಒಂದು ತೆಳು ಪೊರೆ. ಅದನ್ನು ಸೂಪರ್‌ಕಂಡಕ್ಟರ್ ಆಗಲೋ ಬೇಡವೋ ಅನ್ನುವ ಅಂಚಿನಲ್ಲಿ, 0.1 ಕೆಲ್ವಿನ್ ಹತ್ತಿರ ನಿಲ್ಲಿಸಿರುತ್ತೇವೆ. ಒಂಚೂರು ಬೆಳಕು ಬಿದ್ದು ಬಿಸಿಯಾದರೆ ಸಾಕು, ರೆಸಿಸ್ಟೆನ್ಸ್ ಎದ್ದು ಕಾಣುವಷ್ಟು ಬದಲಾಗುತ್ತದೆ. ಈ ಡಿಟೆಕ್ಟರ್ ಈಗಾಗಲೇ ಎಷ್ಟು ಚೆನ್ನಾಗಿದೆ ಅಂದರೆ ಉಳಿದಿರುವ ಗದ್ದಲ ಬಹುಪಾಲು ಬರುವ ಬೆಳಕಿನದೇ. ಫೋಟಾನುಗಳು ಒಂದೇ ಲಯದಲ್ಲಿ ಬೀಳುವುದಿಲ್ಲ, ಆ ಏರುಪೇರನ್ನು ಯಾವ ಡಿಟೆಕ್ಟರೂ ತಪ್ಪಿಸಲಾರದು. ಇನ್ನು ಉಳಿದ ದಾರಿ ಎರಡೇ. ಜಾಸ್ತಿ ಹೊತ್ತು ನೋಡಬೇಕು, ಇಲ್ಲವೇ ಡಿಟೆಕ್ಟರ್ ಜಾಸ್ತಿ ಮಾಡಬೇಕು. ದಕ್ಷಿಣ ಧ್ರುವದ ಬೈಸೆಪ್2 ಟೆಲಿಸ್ಕೋಪಿನಲ್ಲಿ 512 ಇದ್ದವು. ಸೌತ್ ಪೋಲ್ ಟೆಲಿಸ್ಕೋಪಿನ (ಎಸ್‌ಪಿಟಿ) ಕ್ಯಾಮೆರಾ ಎಸ್‌ಪಿಟಿ-3ಜಿಯಲ್ಲಿ ಸುಮಾರು 16,000. ಚಿಲಿಯ ಸೈಮನ್ಸ್ ವೀಕ್ಷಣಾಲಯದಲ್ಲಿ 60,000. ಎಸ್4ರಲ್ಲಿ 5 ಲಕ್ಷ.

ಹೆಚ್ಚು ಮಾಡಿ ಅನ್ನುವುದು ಸುಲಭ. ಪ್ರತಿ ಡಿಟೆಕ್ಟರಿಗೂ ತಂತಿ ಬೇಕಲ್ಲ? ಹೊರಗಿನ ಬಿಸಿ ಆ ತಂತಿಯಲ್ಲೇ ಇಳಿದು ಒಳಗೆ ಬರುತ್ತದೆ. 5 ಲಕ್ಷ ಜೋಡಿ ತಂತಿ ಇಳಿಬಿಟ್ಟರೆ ಫ್ರಿಜ್ ತಣ್ಣಗಾಗುವುದೇ ಇಲ್ಲ. ಅದಕ್ಕೇ ಸ್ಕ್ವಿಡ್ ಎಂಬ ಸರ್ಕ್ಯೂಟ್ ಇಟ್ಟು ನೂರಾರು ಡಿಟೆಕ್ಟರಿನ ಮಾತನ್ನು ಒಂದೇ ತಂತಿಯಲ್ಲಿ ಹೊರಗೆ ತರುತ್ತೇವೆ. ಪರೀಕ್ಷೆಯ ಕಷ್ಟ ಬೇರೆ. ಒಂದು ವೇಫರ್ (ಡಿಟೆಕ್ಟರ್‌ಗಳನ್ನು ಕೆತ್ತಿದ ತೆಳು ಬಿಲ್ಲೆ) ಹಾಕಿ, ಮುಚ್ಚಿ, ತಣ್ಣಗಾಗಿಸಿ, ಅಳೆದು, ಮತ್ತೆ ಬಿಸಿ ಮಾಡಿ ತೆಗೆಯಲು ದಿನಗಟ್ಟಲೆ ಬೇಕು. ಇಂಥವು ನೂರಾರು ಇದ್ದರೆ ಒಂದು ಲ್ಯಾಬಿನ ಕೈಲಿ ಆಗುವ ಮಾತಲ್ಲ. ಎಸ್4 ಪ್ಲಾನಿಂಗ್‌ನಲ್ಲಿ ದೊಡ್ಡ ತಲೆನೋವು ಇದೇ ಆಗಿತ್ತು. ಬೇರೆ ಬೇರೆ ಲ್ಯಾಬುಗಳು ಮಾಡಿದ ವೇಫರ್‌ಗಳು ಒಂದೇ ಥರ ಇರಬೇಕು. ಒಂದೇ ಥರ ಇವೆಯಾ ಅಂತ ನೋಡುವ ಪರೀಕ್ಷೆಯೂ ಎಲ್ಲ ಕಡೆ ಒಂದೇ ಥರ ಇರಬೇಕು.

ಲೆಕ್ಕದಮೇಷ್ಟ್ರು

ತಂತಿವಾದ್ಯ ಅವರೇ, ಚೆನ್ನಾಗಿ ಹೇಳಿದಿರಿ. ನಾನು ರಿಟೈರ್ ಆದ ಗಣಿತದ ಮೇಷ್ಟ್ರು. ದುಡ್ಡಿನ ಮಾತು ಎತ್ತುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಎಸ್4 ಅಂದಾಜು 80 ಕೋಟಿ ಡಾಲರ್ ದಾಟುತ್ತಿತ್ತು. ನಮ್ಮ ಲೆಕ್ಕದಲ್ಲಿ ಆರೇಳು ಸಾವಿರ ಕೋಟಿ ರೂಪಾಯಿ. ಅಳೆಯಬೇಕಾದದ್ದು ಆರ್ ಎಂಬ ಒಂದು ಸಂಖ್ಯೆ. ಅದು ಸೊನ್ನೆಯೇ ಇರಬಹುದು. ಸೊನ್ನೆ ಬಂದರೆ ಜನರ ಮುಂದೆ ಏನಂತ ಹೇಳುವುದು? ನಾನು ಅಧಿಕಾರಿ ಆಗಿದ್ದರೂ ಸಹಿ ಹಾಕಲು ಯೋಚಿಸುತ್ತಿದ್ದೆ.

ಪುಸ್ತಕದಹುಳು

ಮೇಷ್ಟ್ರೇ, ಆರ್ ವಿಷಯ ಹೇಳದೆ ನಾನೇ ಮುಂದೆ ಹೋಗಿದ್ದೆ, ಒಳ್ಳೆಯದಾಯಿತು ನೀವು ಎತ್ತಿದ್ದು. ಆದಿಯಲ್ಲಿ ಹುಟ್ಟಿದ ಗುರುತ್ವ ಅಲೆಯ ಬಲವನ್ನು ದಟ್ಟಣೆಯ ಏರುಪೇರಿನ ಬಲಕ್ಕೆ ಭಾಗಿಸಿದರೆ ಬರುವುದು ಆರ್. ಬೈಸೆಪ್/ಕೆಕ್ ತಂಡದ 2021ರ ಫಲಿತಾಂಶದಂತೆ ಅದು 0.036ಕ್ಕಿಂತ ಕಮ್ಮಿ, 95 ಶೇಕಡಾ ಖಾತ್ರಿಯಲ್ಲಿ.

ಎಸ್4 ಬರೆದುಕೊಂಡ ಗುರಿ ನೋಡಿ. ಆರ್ 0.003ಕ್ಕಿಂತ ಜಾಸ್ತಿ ಇದ್ದರೆ ಐದು ಸಿಗ್ಮಾದಲ್ಲಿ (ಅಂದರೆ ಅಳತೆಯ ಅನಿಶ್ಚಿತತೆಯ ಐದು ಪಟ್ಟು, ಆಕಸ್ಮಿಕ ಅನ್ನಲಾಗದಷ್ಟು ಖಾತ್ರಿಯಾಗಿ) ಹಿಡಿಯುತ್ತೇವೆ. ಇಲ್ಲದಿದ್ದರೆ 0.001ಕ್ಕಿಂತ ಕಮ್ಮಿ ಅಂತ ತೋರಿಸುತ್ತೇವೆ. ಈ 0.003 ಸುಮ್ನೆ ಆರಿಸಿದ್ದಲ್ಲ. ಸ್ಟಾರೊಬಿನ್‌ಸ್ಕಿ 1980ರಲ್ಲಿ ಕೊಟ್ಟ ಮಾದರಿ ಆರ್ ಬೆಲೆ 0.003ರಿಂದ 0.004 ಸುತ್ತ ಬರಬೇಕು ಅನ್ನುತ್ತದೆ. ಸಿಎಂಬಿ ಅಳೆದ ಪ್ಲಾಂಕ್ ಉಪಗ್ರಹದ ಡೇಟಾಗೆ ಚೆನ್ನಾಗಿ ಹೊಂದುವ ಮಾದರಿಗಳ ಸಾಲಿನಲ್ಲಿ ಅದೂ ಇದೆ. 0.001 ತನಕ ನೋಡಿ ಏನೂ ಕಾಣಲಿಲ್ಲ ಅಂದರೆ ಅದಕ್ಕೆ ತೆರೆ ಬೀಳುತ್ತದೆ. ಸೊನ್ನೆ ಬಂದರೆ ಏನು ಹೇಳುತ್ತೇವೆ ಅಂತ ಮೊದಲೇ ಬರೆದಿಟ್ಟಿದ್ದರು, ಮೇಷ್ಟ್ರೇ. ನನಗೆ ಆ ದಾಖಲೆಯಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಅದು.

ಒಂದು ಸಂಖ್ಯೆಗೆ ಮಾತ್ರ ಅನ್ನುವುದನ್ನು ಒಪ್ಪಲ್ಲ. ನ್ಯೂಟ್ರಿನೋಗಳ ಒಟ್ಟು ತೂಕ, ಬೇರೆ ಹಗುರ ಕಣಗಳು ಆಗ ಇದ್ದವಾ ಅನ್ನುವ ಲೆಕ್ಕ, ಗೆಲಾಕ್ಸಿ ಗುಚ್ಛಗಳ ಪಟ್ಟಿ, ಎಲ್ಲ ಅದೇ ಟೆಲಿಸ್ಕೋಪಿನಿಂದ ಬರುತ್ತಿತ್ತು.

ಗೌರಿಬಿದನೂರು_ಗಾಳಿ

ಮೊದಲೇ ಬರೆದಿಡುವುದು ಯಾಕೆ ಮುಖ್ಯ ಅನ್ನುವುದಕ್ಕೆ 2014 ನೆನಪಿಸಿಕೊಳ್ಳಿ.

ಮಾರ್ಚ್ 17. ಬೈಸೆಪ್2 ತಂಡ ಹಾರ್ವರ್ಡ್‌ನಲ್ಲಿ ಪತ್ರಿಕಾಗೋಷ್ಠಿ ಮಾಡಿತು. ಬಿ-ಮೋಡ್ ಸಿಕ್ಕಿದೆ, ಆರ್ 0.2 ಅಂತ. ಇನ್‌ಫ್ಲೇಶನ್ ಸಿದ್ಧಾಂತ ಕಟ್ಟಿದವರಲ್ಲಿ ಒಬ್ಬರಾದ ಆಂಡ್ರೇ ಲಿಂಡೆ ಅವರ ಮನೆ ಬಾಗಿಲಿಗೆ ಹೋಗಿ ಸುದ್ದಿ ಹೇಳಿ ಶಾಂಪೇನ್ ಒಡೆದ ವಿಡಿಯೋ ನೀವೆಲ್ಲ ನೋಡಿರುತ್ತೀರಿ. ಟೆಲಿಸ್ಕೋಪ್ ಚಿಕ್ಕದು, ಕಿಂಡಿ 26 ಸೆಂಟಿಮೀಟರ್ ಅಷ್ಟೇ. ಅಳತೆಯಲ್ಲಿ ತಪ್ಪೇನೂ ಇರಲಿಲ್ಲ. ಅವರಿಗೆ ಬಿ-ಮೋಡ್ ನಿಜವಾಗಿಯೂ ಕಂಡಿತ್ತು. ಅದು ಎಲ್ಲಿಂದ ಬಂತು ಅನ್ನುವುದೇ ಪೇಚು.

ನಮ್ಮ ಹಾಲುಹಾದಿಯಲ್ಲಿ ಧೂಳಿದೆ. ಧೂಳಿನ ಕಣಗಳು ಕಾಂತಕ್ಷೇತ್ರಕ್ಕೆ ತಕ್ಕಂತೆ ಸಾಲಾಗಿ ನಿಲ್ಲುತ್ತವೆ. ಅವು ಹೊರಸೂಸುವ ಬೆಳಕೂ ಧ್ರುವೀಕೃತ. ಅದರಲ್ಲಿ ಇ-ಯೂ ಇದೆ, ಬಿ-ಯೂ ಇದೆ. ಬೇರ್ಪಡಿಸುವ ಉಪಾಯ ಒಂದೇ, ಬೇರೆ ಬೇರೆ ಫ್ರೀಕ್ವೆನ್ಸಿಯಲ್ಲಿ ನೋಡುವುದು. ಫ್ರೀಕ್ವೆನ್ಸಿ ಏರಿದಷ್ಟೂ ಧೂಳು ಜೋರಾಗಿ ಹೊಳೆಯುತ್ತದೆ. ಕೆಳಗೆ ಇಳಿದರೆ ಸಿಂಕ್ರೊಟ್ರಾನ್ ಬೆಳಕಿನ ಕಾಟ, ಅದು ಕಾಂತಕ್ಷೇತ್ರದಲ್ಲಿ ಸುತ್ತುವ ಎಲೆಕ್ಟ್ರಾನುಗಳದ್ದು. ಬೈಸೆಪ್2 ನೋಡಿದ್ದು 150 ಗಿಗಾಹರ್ಟ್ಸ್ ಒಂದರಲ್ಲೇ. ಪ್ಲಾಂಕ್ ಉಪಗ್ರಹದ ಹತ್ತಿರ 353 ಗಿಗಾಹರ್ಟ್ಸ್ ತನಕ ಧ್ರುವೀಕರಣದ ನಕ್ಷೆ ಇತ್ತು, ಆದರೆ ಇನ್ನೂ ಹೊರಗೆ ಬಿಟ್ಟಿರಲಿಲ್ಲ. ಯಾವುದೋ ಭಾಷಣದಲ್ಲಿ ತೋರಿಸಿದ ಸ್ಲೈಡಿನಿಂದ ಧೂಳಿನ ಅಂದಾಜು ಎತ್ತಿಕೊಂಡಿದ್ದರು. 2015ರ ಶುರುವಿನಲ್ಲಿ ಎರಡೂ ತಂಡ ಡೇಟಾ ಹಂಚಿಕೊಂಡು ಕೂತಾಗ ಸಂಕೇತದ ಬಹುಭಾಗ ಧೂಳು ಅಂತ ಗೊತ್ತಾಯಿತು. ಆರ್ 0.12ಕ್ಕಿಂತ ಕಮ್ಮಿ ಅನ್ನುವಲ್ಲಿಗೆ ಬಂದು ನಿಂತಿತು.

ಎಸ್4 ಸಭೆಗಳು ಶುರುವಾದದ್ದು ಇದೇ ಹೊತ್ತಿಗೆ. ಕಾಕತಾಳೀಯ ಅಂತೀರಾ? ಒಂದು ತಂಡ ಒಂದು ಫ್ರೀಕ್ವೆನ್ಸಿಯಲ್ಲಿ ಏನು ಕಂಡರೂ ಇನ್ನು ಯಾರೂ ನಂಬಲ್ಲ ಅಂತ ಎಲ್ಲರಿಗೂ ಅರ್ಥ ಆಗಿತ್ತು.

ಅಡ್ಡಗಾಲು

ಶಾಂಪೇನ್ ದುಡ್ಡು ವಾಪಸ್ ಕೊಟ್ಟರಾ?

ಚುಕ್ಕಿಗಣ್ಣು

ಗಾಳಿ ಸರ್, ಹಾಗಾದರೆ ಎರಡು ಜಾಗ ಯಾಕೆ ಬೇಕಿತ್ತು? ಚಿಲಿಯಲ್ಲೇ ಎಲ್ಲಾ ಫ್ರೀಕ್ವೆನ್ಸಿ ಇಟ್ಟರೆ ಸಾಕಲ್ವಾ? ಧ್ರುವ ಸಿಗದೆ ಇಡೀ ಯೋಜನೆ ಬಿದ್ದದ್ದು ನೋಡಿದರೆ ಹೊಟ್ಟೆ ಉರಿಯುತ್ತದೆ.

ತಂತಿವಾದ್ಯ

ಧ್ರುವದಲ್ಲಿ ನಿಂತರೆ ಆಕಾಶದ ಒಂದು ತುಂಡು ಮುಳುಗುವುದೇ ಇಲ್ಲ. ಒಂದೇ ಎತ್ತರದಲ್ಲಿ ಸುತ್ತುತ್ತಿರುತ್ತದೆ. ಆ ಪುಟ್ಟ ತುಂಡನ್ನೇ ವರ್ಷಗಟ್ಟಲೆ ದಿಟ್ಟಿಸಬಹುದು. ಎತ್ತರ 2800 ಮೀಟರ್ ಮೇಲೆ, ಚಳಿಗೆ ಗಾಳಿಯಲ್ಲಿನ ನೀರಿನ ಅಂಶವೆಲ್ಲ ಹೆಪ್ಪುಗಟ್ಟಿ ಹೋಗಿರುತ್ತದೆ. ಆರು ತಿಂಗಳು ಸೂರ್ಯ ಹುಟ್ಟುವುದೇ ಇಲ್ಲ, ಹಾಗಾಗಿ ಬೆಳಗ್ಗೆ ಸಂಜೆಯ ಏರಿಳಿತವೂ ಇಲ್ಲ. ಮೈಕ್ರೋವೇವ್‌ಗೆ ಇದಕ್ಕಿಂತ ಶಾಂತ ಆಕಾಶ ನೆಲದ ಮೇಲೆ ಸಿಗುವುದು ಕಷ್ಟ.

ಚಿಲಿಯ ಅಟಕಾಮದಲ್ಲಿ ಸೆರ್ರೋ ಟೋಕೋ ಬೆಟ್ಟದ ಮೇಲೆ ಎತ್ತರ 5200 ಮೀಟರ್. ಅಲ್ಲಿ ಭೂಮಿ ತಿರುಗಿದಂತೆ ಅರ್ಧ ಆಕಾಶಕ್ಕಿಂತ ಜಾಸ್ತಿ ಕಣ್ಣ ಮುಂದೆ ಹಾದುಹೋಗುತ್ತದೆ. ಒಂದೇ ಜಾಗವನ್ನು ಬೇರೆ ಬೇರೆ ಓರೆಯಲ್ಲಿ ಗುಡಿಸಬಹುದು. ಅಗಲ ಬೇಕಾದರೆ ಚಿಲಿ, ಆಳ ಬೇಕಾದರೆ ಧ್ರುವ. ಇನ್ನೂ ದೊಡ್ಡ ಕಾರಣ ಅಂದರೆ, ಎರಡು ಜಾಗದ ಗಾಳಿ ಬೇರೆ, ನೆಲದ ಬಿಸಿ ಬೇರೆ, ಗುಡಿಸುವ ಕ್ರಮ ಬೇರೆ. ಎರಡೂ ಕಡೆ ಒಂದೇ ಬಿ-ಮೋಡ್ ಕಂಡರೆ ಮಾತ್ರ ಬಾಯಿ ಮುಚ್ಚಿಸಬಹುದು.

ಚಿಲಿಯೊಂದರಲ್ಲೇ ಮಾಡುವ ಯೋಜನೆ ಕೆಟ್ಟದಿರಲಿಲ್ಲ. ಅದೇ ಆಳಕ್ಕೆ ಇಳಿಯಲು ಜಾಸ್ತಿ ಟೆಲಿಸ್ಕೋಪು, ಜಾಸ್ತಿ ವರ್ಷ ಬೇಕಾಗುತ್ತಿತ್ತು ಅಷ್ಟೇ.

ಗೌರಿಬಿದನೂರು_ಗಾಳಿ

ಇಲ್ಲಿ ನನ್ನದೊಂದು ತಕರಾರಿದೆ. ಡಿಟೆಕ್ಟರ್ ಎಷ್ಟು, ಫ್ರೀಕ್ವೆನ್ಸಿ ಯಾವುದು, ಧೂಳಿನ ಮಾದರಿ ಎಂಥದು ಅಂತ ನೂರಾರು ಪುಟ ಬರೆದರು. ಕೊನೆಗೆ ಕಾಲಿಗೆ ತೊಡರಿದ್ದು ಏನು? ಕರೆಂಟು, ಮಲಗುವ ಜಾಗ, ಸಾಮಾನು ಸಾಗಣೆ. ಧ್ರುವಕ್ಕೆ ವಿಮಾನ ಹೋಗುವುದು ನವೆಂಬರ್‌ನಿಂದ ಫೆಬ್ರವರಿ ತನಕ ಮಾತ್ರ. ಹಿಮದ ಮೇಲೆ ಜಾರುವ ಎಲ್‌ಸಿ-130 ವಿಮಾನಗಳು. ಚಳಿಗಾಲ ಕಳೆಯಲು ಉಳಿಯುವವರು ನಲವತ್ತು ಚಿಲ್ಲರೆ ಜನ. ಜನರೇಟರಿಗೆ ಬೇಕಾದ ಪ್ರತಿ ಲೀಟರ್ ಇಂಧನವೂ ಕರಾವಳಿಯಿಂದಲೇ ಬರಬೇಕು. ಅಲ್ಲಿರುವ ಅಮೆರಿಕದ ನಿಲ್ದಾಣದ ಕಟ್ಟಡ 2008ರಲ್ಲಿ ಉದ್ಘಾಟನೆಯಾದದ್ದು, ಅದರ ರಿಪೇರಿ ಕೆಲಸವೇ ಬೆಟ್ಟದಷ್ಟು ಬಾಕಿ ಇದೆ.

ಇದೆಲ್ಲ ಗುಟ್ಟಿನ ವಿಷಯ ಅಲ್ಲ. ಟೆಲಿಸ್ಕೋಪಿನವರು ಒಂದು ಕಡೆ ಯೋಜನೆ ಮಾಡುತ್ತಾ ಹೋದರು, ನಿಲ್ದಾಣ ನಡೆಸುವವರು ಇನ್ನೊಂದು ಕಡೆ. ಇಬ್ಬರನ್ನೂ ಮೊದಲ ವರ್ಷವೇ ಒಂದೇ ಮೇಜಿಗೆ ಕೂರಿಸಬೇಕಿತ್ತು. ಸಮುದಾಯದ ಯೋಜನೆ ಅಂದರೆ ವಿಜ್ಞಾನಿಗಳು ಮಾತ್ರ ಅಂದುಕೊಂಡದ್ದೇ ಎಡವಟ್ಟು.

ತಂತಿವಾದ್ಯ

ಪೂರ್ತಿ ಒಪ್ಪಲ್ಲ. ಕರೆಂಟು, ಸಾಗಣೆ ಲೆಕ್ಕ ಮಾಡುವ ಗುಂಪುಗಳು ಒಳಗೆ ಇದ್ದವು. ಧ್ರುವದ ಪಾಲನ್ನು ಕಮ್ಮಿ ಮಾಡಿ ಮರುವಿನ್ಯಾಸವನ್ನೂ ಮಾಡಿದ್ದರು. ಆದರೆ ನಿಲ್ದಾಣದ ಬಜೆಟ್ ವಿಜ್ಞಾನಿಗಳ ಕೈಲಿ ಇರಲ್ಲ. ಕೇಳಬಹುದು, ಅಷ್ಟೇ.

ಗೌರಿಬಿದನೂರು_ಗಾಳಿ

ಕೈಲಿ ಇಲ್ಲದ್ದರ ಮೇಲೆ ಅರ್ಧ ಯೋಜನೆ ನಿಲ್ಲಿಸಿದ್ದು ಸರಿಯಾ ಅನ್ನುವುದೇ ನನ್ನ ಪ್ರಶ್ನೆ. ಇರಲಿ, ಇದು ಇಬ್ಬರೂ ಒಪ್ಪುವ ಮಾತಲ್ಲ.

ಲೆಕ್ಕದಮೇಷ್ಟ್ರು

ನನಗೆ ಗಾಳಿಯವರ ಮಾತು ಸರಿ ಅನ್ನಿಸುತ್ತದೆ. ಸರಿ, ಎಸ್4 ಹೋಯಿತು. ಕೆಲಸ ನಿಂತಿದೆಯಾ, ನಡೀತಿದೆಯಾ?

ಪುಸ್ತಕದಹುಳು

ನಡೀತಿದೆ ಮೇಷ್ಟ್ರೇ. ಸೈಮನ್ಸ್ ವೀಕ್ಷಣಾಲಯ ಸೆರ್ರೋ ಟೋಕೋ ಮೇಲೆ ಕೆಲಸ ಮಾಡುತ್ತಿದೆ. 6 ಮೀಟರಿನ ದೊಡ್ಡ ಟೆಲಿಸ್ಕೋಪ್ 2025ರ ಶುರುವಿನಲ್ಲಿ ಮೊದಲ ಬೆಳಕು ಕಂಡಿತು. ಬಿ-ಮೋಡ್ ಹುಡುಕುವುದು ಚಿಕ್ಕ ಟೆಲಿಸ್ಕೋಪುಗಳ ಕೆಲಸ. ಮೊದಲು ಮೂರು, ಬ್ರಿಟನ್ ಮತ್ತು ಜಪಾನ್ ಸೇರಿಸುವುದು ಇನ್ನು ಮೂರು. ಅದನ್ನು ದೊಡ್ಡದು ಮಾಡಲು 2023ರಲ್ಲೇ ಅಮೆರಿಕದ ಫೌಂಡೇಶನ್ 5 ಕೋಟಿ ಡಾಲರಿಗೂ ಜಾಸ್ತಿ ಕೊಟ್ಟಿದೆ. ಧ್ರುವದಲ್ಲಿ ಬೈಸೆಪ್ ಅರೇ ಮತ್ತು ಎಸ್‌ಪಿಟಿ ಜೋಡಿ ಇದೆ. ಟಿಬೆಟ್‌ನಲ್ಲಿ ಚೀನಾದ ಅಲಿಸಿಪಿಟಿ 5250 ಮೀಟರ್ ಎತ್ತರದಲ್ಲಿ ಉತ್ತರದ ಆಕಾಶ ನೋಡುತ್ತದೆ. ಜಪಾನಿನ ಲೈಟ್‌ಬರ್ಡ್ ಉಪಗ್ರಹ 2019ರಲ್ಲಿ ಆಯ್ಕೆ ಆಗಿದೆ, ಹಾರುವುದು 2030ರ ದಶಕಕ್ಕೆ ಹೋಗಿದೆ. ಬಾಹ್ಯಾಕಾಶದಿಂದ ನೋಡಿದರೆ ವಾತಾವರಣದ ಕಾಟವೇ ಇಲ್ಲ, ಇಡೀ ಆಕಾಶ ಸಿಗುತ್ತದೆ.

ಎಸ್4ಗೆ ಅಂತ ಬರೆದ ಸಾಫ್ಟ್‌ವೇರು, ಧೂಳಿನ ಮಾದರಿ, ಡಿಟೆಕ್ಟರ್ ವಿನ್ಯಾಸ ಎಲ್ಲ ಈಗ ಈ ತಂಡಗಳ ಕೈಗೆ ಸಿಗುತ್ತಿದೆ. ಜನರೂ ಅವರೇ ಅಲ್ವಾ.

ಚುಕ್ಕಿಗಣ್ಣು

ನಮ್ಮ ದೇಶದ್ದು ಏನೂ ಇಲ್ಲವಾ? ಹಾನ್ಲೆ ಇದೆಯಲ್ಲ. ಬೆಂಗಳೂರಿನಲ್ಲಿ ಇಸ್ರೋ, ರಾಮನ್ ಸಂಸ್ಥೆ ಎಲ್ಲ ಇವೆ.

ಗೌರಿಬಿದನೂರು_ಗಾಳಿ

ಯೋಜನೆ ಇದೆ ತಂಗಿ. ಇಸ್ರೋ ಖಗೋಳ ಯೋಜನೆಗಳಿಗೆ ಪ್ರಸ್ತಾವ ಕರೆದಾಗ ದೇಶದ ವಿಶ್ವವಿಜ್ಞಾನಿಗಳು ಸೇರಿ 2018ರಲ್ಲಿ ಒಂದು ಉಪಗ್ರಹದ ಪ್ರಸ್ತಾವ ಕೊಟ್ಟರು. ಗುಂಪಿನ ಹೆಸರು ಸಿಎಂಬಿ-ಭಾರತ್, ಉಪಗ್ರಹಕ್ಕೆ ಎಕೋ ಅಂತ ಹೆಸರು. ಮುಂದೆ ರಾಮನ್ ಸಂಶೋಧನಾ ಸಂಸ್ಥೆಯ ನಿರ್ದೇಶಕರಾದ ತರುಣ್ ಸೌರದೀಪ್ ಅದರ ಮುಂದಾಳುಗಳಲ್ಲಿ ಒಬ್ಬರು. 28ರಿಂದ 850 ಗಿಗಾಹರ್ಟ್ಸ್ ತನಕ 20 ಬ್ಯಾಂಡ್. ಧೂಳನ್ನೂ ಸಿಂಕ್ರೊಟ್ರಾನನ್ನೂ ಎರಡು ಕಡೆಯಿಂದ ಅದುಮಿ ಹಿಡಿಯುವ ಹಂಚಿಕೆ ಅದು.

ಕೈಯಲ್ಲಿ ಏನಿದೆ, ಏನಿಲ್ಲ ಅಂತ ನೋಡಿದರೆ ಹೀಗೆ. ಲೆಕ್ಕ, ವಿಶ್ಲೇಷಣೆ, ಸಿದ್ಧಾಂತ, ಇದರಲ್ಲಿ ನಮ್ಮವರು ಗಟ್ಟಿ. ಧ್ರುವೀಕರಣ ಅಳೆಯುವ ಉಪಕರಣ ಮಾಡಿ ಹಾರಿಸಿದ ಅನುಭವವೂ ಇದೆ, ಬೇರೆ ಬೆಳಕಿನಲ್ಲಿ. 2024ರ ಜನವರಿ 1ಕ್ಕೆ ಹಾರಿದ ಎಕ್ಸ್‌ಪೋಸ್ಯಾಟ್‌ನ ಪೋಲಿಕ್ಸ್ ಎಕ್ಸ್-ರೇ ಧ್ರುವೀಕರಣ ಅಳೆಯುತ್ತದೆ, ಅದನ್ನು ಕಟ್ಟಿದ್ದು ರಾಮನ್ ಸಂಸ್ಥೆಯೇ. ಕಷ್ಟ ಇರುವುದು ತಂತಿವಾದ್ಯ ಅವರು ಹೇಳಿದ ಡಿಟೆಕ್ಟರ್‌ಗಳಲ್ಲಿ, 0.1 ಕೆಲ್ವಿನ್ ಫ್ರಿಜ್‌ನಲ್ಲಿ. ಅವುಗಳನ್ನು ಸಾವಿರಗಟ್ಟಲೆ ಮಾಡುವ ಅಭ್ಯಾಸ ಬೆಳೆಸಬೇಕು. ಉಪಗ್ರಹಕ್ಕಿಂತ ಮೊದಲು ನೆಲದ ಮೇಲೆ ಒಂದು ಚಿಕ್ಕ ಟೆಲಿಸ್ಕೋಪ್ ಕಟ್ಟುವುದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಲಡಾಖ್‌ನ ಹಾನ್ಲೆ 4500 ಮೀಟರ್, ಒಣ ಹವೆ. ಉತ್ತರದ ಆಕಾಶ ನೋಡುವ ಇಂಥ ಟೆಲಿಸ್ಕೋಪು ಜಗತ್ತಿನಲ್ಲೇ ಕಮ್ಮಿ.

ಇನ್ನೊಂದು ನಮ್ಮದೇ ಊರಿನ ಕಥೆ ಹೇಳಿಬಿಡುತ್ತೇನೆ. 2018ರಲ್ಲಿ ಎಡ್ಜಸ್ ಎಂಬ ಪ್ರಯೋಗದವರು ಆಸ್ಟ್ರೇಲಿಯಾದಲ್ಲಿ 78 ಮೆಗಾಹರ್ಟ್ಸ್‌ನಲ್ಲಿ ಒಂದು ತಗ್ಗು ಕಂಡಿದ್ದೇವೆ ಅಂದರು. ಮೊದಲ ನಕ್ಷತ್ರಗಳು ಹುಟ್ಟಿದಾಗ ಹೈಡ್ರೋಜನ್ ಇದೇ ಸಿಎಂಬಿ ಬೆಳಕನ್ನು ಹೀರಿದ ಗುರುತು ಅಂತ. ತಗ್ಗು ಎಣಿಸಿದ್ದಕ್ಕಿಂತ ತುಂಬಾ ಆಳ ಇತ್ತು. ರಾಮನ್ ಸಂಸ್ಥೆಯ ಸರಸ್ ತಂಡ ಅದನ್ನು ಪರೀಕ್ಷಿಸಲು ಹೊರಟಿತು. ನೆಲದ ಮೇಲೆ ಆಂಟೆನಾ ಇಟ್ಟರೆ ಕೆಳಗಿನ ಕಲ್ಲು ಮಣ್ಣಿನ ಪದರಗಳು ಸಂಕೇತವನ್ನು ಕೆಡಿಸುತ್ತವೆ. ಅದಕ್ಕೆ ಆಂಟೆನಾವನ್ನು ತೆಪ್ಪದ ಮೇಲೆ ಕೂರಿಸಿ ನೀರಿಗೆ ಬಿಟ್ಟರು. 2020ರ ಶುರುವಿನಲ್ಲಿ, ದಂಡಿಗಾನಹಳ್ಳಿ ಕೆರೆಯಲ್ಲಿ, ಆಮೇಲೆ ಶರಾವತಿ ಹಿನ್ನೀರಿನಲ್ಲಿ. ಅಡಿಯಲ್ಲಿ ಬರೀ ನೀರು, ಎಲ್ಲಾ ಕಡೆ ಒಂದೇ ಸಮ. ಎಡ್ಜಸ್ ಹೇಳಿದ ಆಕಾರದ ತಗ್ಗು ಕಾಣಲಿಲ್ಲ. 2022ರಲ್ಲಿ 95.3 ಶೇಕಡಾ ಖಾತ್ರಿಯಲ್ಲಿ ಅದನ್ನು ತಳ್ಳಿಹಾಕಿ ಪ್ರಕಟಿಸಿದರು. ಬೇರೆ ಜಾಗ, ಬೇರೆ ಆಂಟೆನಾ, ಬೇರೆ ತಂಡ. ಬಿ-ಮೋಡ್ ಸಿಕ್ಕಿತು ಅಂತ ನಾಳೆ ಯಾರಾದರೂ ಹೇಳಿದರೆ ಇಂಥದ್ದೇ ಇನ್ನೊಂದು ತಂಡ ಬೇಕಾಗುತ್ತದೆ.

ಅಡ್ಡಗಾಲು

ಇದು ಗೊತ್ತಿರಲಿಲ್ಲ. ಶರಾವತಿ ಹಿನ್ನೀರಿಗೆ ನಾನೂ ಹೋಗಿದ್ದೆ, ಫೋಟೋ ತೆಗೆದು ಬಂದೆ ಅಷ್ಟೇ.

ತಂತಿವಾದ್ಯ

ಪ್ಲಾನಿಂಗ್ ಬಗ್ಗೆ ಮಾತಾಡುವಾಗ ಎಲ್ಲರೂ ಡಿಟೆಕ್ಟರ್ ಎಣಿಸುತ್ತೀರಿ. ನನ್ನನ್ನು ಕೇಳಿದರೆ ಮುಂದಿನ ಹತ್ತು ವರ್ಷದ ದೊಡ್ಡ ಜಗಳ ಕೋನದ್ದು.

ಡಿಟೆಕ್ಟರ್ ಯಾವ ದಿಕ್ಕಿನ ಬೆಳಕಿಗೆ ಸ್ಪಂದಿಸುತ್ತದೆ ಅನ್ನುವುದು ನಮಗೆ ಗೊತ್ತಿರಬೇಕಲ್ಲ? ಆ ಕೋನದಲ್ಲಿ ಅರ್ಧ ಡಿಗ್ರಿ ತಪ್ಪಿದರೆ ಚುಕ್ಕಿಗಳ ಮೇಲಿನ ಗೀಟೆಲ್ಲ ಅರ್ಧ ಡಿಗ್ರಿ ತಿರುಗುತ್ತವೆ. ಇ-ಯ ಒಂದು ಪಾಲು ಬಿ ಆಗಿ ಕಾಣುತ್ತದೆ. ಇ ದೊಡ್ಡದು, ಬಿ ಪುಟ್ಟದು, ಆದ್ದರಿಂದ ಸೋರಿಕೆ ಸ್ವಲ್ಪವೇ ಆದರೂ ಕಥೆ ಮುಗಿಯಿತು.

ತುಂಬಾ ತಂಡಗಳು ಒಂದು ಉಪಾಯ ಮಾಡುತ್ತವೆ. ಇ ಮತ್ತು ಬಿ ನಡುವೆ ನಂಟು ಸೊನ್ನೆ ಇರಬೇಕು ಅಂತ ಒಪ್ಪಿಕೊಂಡು, ಸೊನ್ನೆ ಬರುವ ತನಕ ಕೋನವನ್ನು ತಿರುಗಿಸುತ್ತವೆ. ಆರ್ ಹುಡುಕುವವರಿಗೆ ಅದು ಸಾಕು. ಆದರೆ 2020ರಲ್ಲಿ ಮಿನಾಮಿ ಮತ್ತು ಕೊಮಾತ್ಸು ಪ್ಲಾಂಕ್ ಡೇಟಾದಲ್ಲಿ ಇಡೀ ಆಕಾಶದ ಧ್ರುವೀಕರಣವೇ 0.35 ಡಿಗ್ರಿ ತಿರುಗಿದ ಸುಳಿವು ಇದೆ ಅಂದರು. ಅಳತೆಯ ಅನಿಶ್ಚಿತತೆ 0.14 ಡಿಗ್ರಿ, ಖಾತ್ರಿ ಸುಮಾರು 2.4 ಸಿಗ್ಮಾ. ಹಾಲುಹಾದಿಯ ಬೆಳಕನ್ನೇ ಅಳತೆಗೋಲು ಮಾಡಿಕೊಂಡಿದ್ದರು. ಅದು ಹತ್ತಿರದ್ದು, ದಾರಿಯಲ್ಲಿ ತಿರುಗಲು ಹೊತ್ತೇ ಇಲ್ಲ. ಸಿಎಂಬಿ ಮಾತ್ರ ದೂರದಿಂದ ಬಂದದ್ದು. ಈ ತಿರುವು ನಿಜವಾಗಿದ್ದರೆ ಹೊಸ ಭೌತಶಾಸ್ತ್ರ. ಸೊನ್ನೆ ಮಾಡಿಕೊಂಡ ತಂಡ ಆ ಹೊಸದನ್ನು ತಾನೇ ಅಳಿಸಿ ಹಾಕಿಬಿಟ್ಟಿರುತ್ತದೆ.

ಹಾಗಾಗಿ ನಿಜವಾದ ಕೋನ ಬೇಕು. ಏಡಿ ನೀಹಾರಿಕೆ ನೋಡಿ ಹೊಂದಿಸಬಹುದು, ಆದರೆ ಅದರ ಕೋನವೇ ಎಷ್ಟು ಖಚಿತ ಅನ್ನುವುದು ಇನ್ನೊಂದು ಪ್ರಶ್ನೆ. ಟೆಲಿಸ್ಕೋಪಿನ ಬಾಯಿಗೆ ಸಾಲು ತಂತಿಗಳ ಚೌಕಟ್ಟು ಹಿಡಿದು ತಿರುಗಿಸುತ್ತಾರೆ. ಅಟಕಾಮದಲ್ಲಿ ಡ್ರೋನ್ ಮೇಲೆ ಮೈಕ್ರೋವೇವ್ ಮೂಲ ಕಟ್ಟಿ ಹಾರಿಸುವ ಪ್ರಯೋಗಗಳೂ ನಡೆದಿವೆ. ತೆಳು ಗಾಳಿಯಲ್ಲಿ ಡ್ರೋನ್ ಹಾರಿಸಿ, ಅದರ ಓರೆಯನ್ನು ಡಿಗ್ರಿಯ ಹತ್ತನೇ ಒಂದು ಪಾಲಿಗಿಂತ ಚೆನ್ನಾಗಿ ತಿಳಿಯಬೇಕು. ಎಲ್ಲಾ ತಂಡಗಳೂ ಒಂದೇ ಅಳತೆಗೋಲು ಬಳಸಿದರೆ ಹೋಲಿಕೆ ಸುಲಭ. ಆದರೆ ಆ ಗೋಲೇ ತಪ್ಪಿದ್ದರೆ ಎಲ್ಲರೂ ಒಟ್ಟಿಗೆ ತಪ್ಪುತ್ತಾರೆ. ಎಲ್ಲರೂ ಕೂತು ಪ್ಲಾನ್ ಮಾಡಬೇಕಾದ ವಿಷಯ ಅಂದರೆ ಇದು.

ಲೆಕ್ಕದಮೇಷ್ಟ್ರು

ಈ ಪೋಸ್ಟ್ ಎರಡು ಸಲ ಓದಿದೆ. ಈಗ ನನಗೆ ದುಡ್ಡಿಗಿಂತ ಇದೇ ತಲೆ ತಿನ್ನುತ್ತಿದೆ.

ಅಡ್ಡಗಾಲು

ನಿಜವಾಗಿ ಕೇಳುತ್ತೇನೆ, ತಮಾಷೆ ಅಲ್ಲ. ಮನೆಯಲ್ಲಿ ಕೂತು ನಾವು ಏನಾದರೂ ಮಾಡಬಹುದಾ? ನನಗೆ ಪೈಥಾನ್ ಬರುತ್ತದೆ. ಡಿಶ್ ಆಂಟೆನಾ ಕೂಡ ಒಂದು ಹಳೇದಿದೆ.

ಗೌರಿಬಿದನೂರು_ಗಾಳಿ

ಡಿಶ್ ಬಿಡಿ. ಹಿತ್ತಲಿನ ನೆಲ 300 ಕೆಲ್ವಿನ್‌ನಲ್ಲಿ ಹೊಳೆಯುತ್ತಿರುತ್ತದೆ, ನಿಮಗೆ ಬೇಕಾದ ಧ್ರುವೀಕರಣ ಕೆಲ್ವಿನ್ನಿನ ಹತ್ತು ಲಕ್ಷದ ಒಂದು ಪಾಲಿನ ಲೆಕ್ಕದ್ದು. ಪೈಥಾನ್ ಸಾಕು.

ಪ್ಲಾಂಕ್‌ನ ಎಲ್ಲಾ ನಕ್ಷೆ ಯುರೋಪಿಯನ್ ಬಾಹ್ಯಾಕಾಶ ಸಂಸ್ಥೆಯ ಪ್ಲಾಂಕ್ ಲೆಗಸಿ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತದೆ. ನಾಸಾದ ಲ್ಯಾಂಬ್ಡಾ ಎಂಬ ಡೇಟಾ ಭಂಡಾರದಲ್ಲಿ ಬೈಸೆಪ್, ಆಕ್ಟ್, ಡಬ್ಲ್ಯೂಮ್ಯಾಪ್ ಪ್ರಯೋಗಗಳ ಡೇಟಾ ಎಲ್ಲ ಇದೆ. ಇಂಥ ನಕ್ಷೆ ಓದುವ ಪೈಥಾನ್ ಪ್ಯಾಕೇಜ್ ಹೀಲ್‌ಪೈ ಹಾಕಿಕೊಳ್ಳಿ. 353 ಗಿಗಾಹರ್ಟ್ಸ್ ನಕ್ಷೆಯಲ್ಲಿ 5 ಕೋಟಿ ಪಿಕ್ಸೆಲ್ ಇವೆ, ಲ್ಯಾಪ್‌ಟಾಪ್ ಏದುಸಿರು ಬಿಡುತ್ತದೆ. ನಕ್ಷೆ ಎಷ್ಟು ಸೂಕ್ಷ್ಮ ಅಂತ ಹೇಳುವ ಎನ್‌ಸೈಡ್ ಸಂಖ್ಯೆಯನ್ನು 2048ರಿಂದ 256ಕ್ಕೆ ಇಳಿಸಿ, 8 ಲಕ್ಷಕ್ಕಿಂತ ಕಮ್ಮಿ ಆಗುತ್ತದೆ. 545 ಮತ್ತು 857 ಗಿಗಾಹರ್ಟ್ಸ್ ನಕ್ಷೆ ಇಳಿಸಿಕೊಂಡು ಧ್ರುವೀಕರಣ ಎಲ್ಲಿ ಅಂತ ಹುಡುಕಬೇಡಿ, ಅವುಗಳಲ್ಲಿ ಇಲ್ಲ. ಇನ್ನೊಂದು, ಯು ನಕ್ಷೆಯ (ಧ್ರುವೀಕರಣ ಹೇಳುವ ಎರಡು ನಕ್ಷೆಗಳಲ್ಲಿ ಒಂದು) ಪ್ಲಸ್-ಮೈನಸ್ ಚಿಹ್ನೆ. ಖಗೋಳದವರ ಒಕ್ಕೂಟದ ಪದ್ಧತಿ ಒಂದು, ಸಿಎಂಬಿಯವರದ್ದು ಅದಕ್ಕೆ ಉಲ್ಟಾ. ಫೈಲಿನ ಹೆಡರ್ ನೋಡದೆ ಎರಡು ನಕ್ಷೆ ಬೆರೆಸಿದರೆ ಗೀಟೆಲ್ಲ ತಿರುಗುಮುರುಗು.

ಪುಸ್ತಕದಹುಳು

ಇದನ್ನೇ ಒಂದು ಆಟ ಮಾಡೋಣವಾ? ಎಸ್4ನವರು ಡೇಟಾ ಚಾಲೆಂಜ್ ಅಂತ ಮಾಡುತ್ತಿದ್ದರು. ಒಂದು ಗುಂಪು ಕಂಪ್ಯೂಟರಿನಲ್ಲಿ ಸುಳ್ಳು ಆಕಾಶ ಕಟ್ಟುತ್ತದೆ. ಸಿಎಂಬಿ, ಧೂಳು, ಸಿಂಕ್ರೊಟ್ರಾನ್, ಗದ್ದಲ ಎಲ್ಲ ಬೆರೆಸುತ್ತದೆ. ಉಳಿದವರು ಆರ್ ಎಷ್ಟು ಅಂತ ಹುಡುಕಬೇಕು. ಸಿಎಂಬಿ ಸ್ಪೆಕ್ಟ್ರಮ್‌ಗೆ (ಯಾವ ಗಾತ್ರದ ಏರುಪೇರು ಎಷ್ಟು ಅನ್ನುವ ಲೆಕ್ಕ) ಕ್ಯಾಂಬ್ ಇದೆ, ಧೂಳಿಗೆ ಪೈಎಸ್‌ಎಂ ಇದೆ, ಎರಡೂ ಪುಕ್ಕಟೆ ಸಾಫ್ಟ್‌ವೇರು. ಎರಡು ತಂಡ ಆಗೋಣ. ಒಬ್ಬರ ಕೋಡ್ ಒಬ್ಬರು ನೋಡುವ ಹಾಗಿಲ್ಲ. ಯಾವ ಉತ್ತರ ಬಂದರೆ ಸಿಕ್ಕಿದೆ ಅನ್ನುತ್ತೇವೆ, ಯಾವುದಕ್ಕೆ ಇಲ್ಲ ಅನ್ನುತ್ತೇವೆ ಅಂತ ಇಲ್ಲೇ ಮೊದಲು ಬರೆದು ಹಾಕೋಣ.

ನಾನು ಸ್ಪೆಕ್ಟ್ರಮ್ ಕಡೆ ನೋಡಿಕೊಳ್ಳುತ್ತೇನೆ. ಗಾಳಿಯವರು ಧೂಳು. ತಂತಿವಾದ್ಯ ಅವರು ಗದ್ದಲ ಎಷ್ಟಿರಬೇಕು ಅಂತ ಹೇಳಲಿ.

ತಂತಿವಾದ್ಯ

ಗದ್ದಲದ ಜೊತೆ ಕೋನದ ತಪ್ಪನ್ನೂ ಸೇರಿಸುತ್ತೇನೆ. ಎಷ್ಟು ಅಂತ ಹೇಳಲ್ಲ.

ಚುಕ್ಕಿಗಣ್ಣು

ನಾನು ಮೊದಲ ತಂಡ. ನನ್ನ ಕ್ಲಾಸಿನ ಇನ್ನಿಬ್ಬರನ್ನೂ ಕರೆತರುತ್ತೇನೆ. ಬ್ಯಾಂಡ್ ಎಷ್ಟು ಕೊಡುತ್ತೀರಿ? ಮೂರಕ್ಕಿಂತ ಕಮ್ಮಿ ಆದರೆ ಆಗಲ್ಲ, ಗಾಳಿ ಸರ್ ಕಥೆ ಕೇಳಿದ ಮೇಲೆ.

ಪುಸ್ತಕದಹುಳು

ಆರು ಬ್ಯಾಂಡ್. 30, 95, 150, 220, 270, 353. ಎರಡನೇ ತಂಡಕ್ಕೆ ಅಡ್ಡಗಾಲು ಮುಂದಾಳು.

ಅಡ್ಡಗಾಲು

ಆಯ್ತು. ಆದರೆ ಆರ್ ಬೆಲೆ ಆರಿಸುವುದು ಯಾರು? ಪುಸ್ತಕದಹುಳು ಆರಿಸಿದರೆ 0.003 ಅಂತ ಈಗಲೇ ಹೇಳಿಬಿಡಬಹುದು.

ಲೆಕ್ಕದಮೇಷ್ಟ್ರು

ನಾನು ಆರಿಸುತ್ತೇನೆ. ಸೊನ್ನೆಯೂ ಇರಬಹುದು, ನೋಡಿಕೊಳ್ಳಿ. ಸ್ಪೆಕ್ಟ್ರಮ್ ಮಾಡುವ ಸ್ಕ್ರಿಪ್ಟ್ ಕಳಿಸಿಕೊಡಿ. ಸಂಖ್ಯೆ ಹಾಕಿ ನಾನೇ ಓಡಿಸಿ, ನಕ್ಷೆ ಮಾತ್ರ ವಾಪಸ್ ಕೊಡುತ್ತೇನೆ. ಮೊಮ್ಮಗನಿಗೂ ಹೇಳುವುದಿಲ್ಲ.

ಚುಕ್ಕಿಗಣ್ಣು

ಮೇಷ್ಟ್ರೇ, ಒಂದೇ ಕೋರಿಕೆ. ಫೈಲಿನ ಹೆಸರಿನಲ್ಲಿ ಆ ಸಂಖ್ಯೆ ಬರೆದುಬಿಡಬೇಡಿ. ಹೆಡರಿನಲ್ಲೂ.